ದೇವರ ಕಿಸೆಯಲ್ಲೊಂದು ತಣ್ಣನೆಯ ಲೋಕ

ಮುಳುಗಿದವನಿಗೆ ಚಳಿಯೇನು, ಮಳೆಯೇನು ಎನ್ನುತ್ತದೆ ನಮ್ಮ ಗಾದೆ. ಈ ಗಾದೆ ಕಟ್ಟಿದ ಹಿರಿಯರು ಕಾವೇರಿಯನ್ನೋ ತುಂಗೆಯನ್ನೋ ನೋಡಿದ್ದವರು. ಕೆನಡಾ ದೇಶದ ಪಶ್ಚಿಮ ಕರಾವಳಿಯ ಕಡಲಿಗೆ ಅವರು ಇಳಿದಿರಲಾರರು. ಇಳಿದಿದ್ದರೆ ಗಾದೆಯೇ ಬೇರೆಯಾಗಿರುತ್ತಿತ್ತು! ಅಲ್ಲಿ ಆಳದ ನೀರಿನ ಉಷ್ಣತೆ ವರ್ಷವಿಡೀ ಏಳರಿಂದ ಹತ್ತು ಡಿಗ್ರಿ ಸೆಲ್ಸಿಯಸ್. ಮನೆಯ ಫ್ರಿಜ್ಜಿನಿಂದ ಆಗತಾನೇ ಹೊರತೆಗೆದ ನೀರಿನ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಅಂಥ ನೀರಿನಲ್ಲಿ ಮುಕ್ಕಾಲು ಗಂಟೆ ಮುಳುಗಿರಬೇಕು. ಅದೂ ಹಣ ಕೊಟ್ಟು, ರಜೆ ಹಾಕಿ, ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡಿ.

ಇದೆಂಥ ಹುಚ್ಚು ಎಂದು ನೀವು ಕೇಳಬಹುದು. ಸ್ಕೂಬಾ ಡೈವಿಂಗ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಅಂಡಮಾನ್, ಲಕ್ಷದ್ವೀಪಗಳ ನೀಲಿ ನೀರು, ಬಣ್ಣಬಣ್ಣದ ಹವಳ, ಎಳೆಬಿಸಿಲು. ನಮ್ಮ ಉತ್ತರ ಕನ್ನಡದ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಮುಳುಗಿ ಬಂದವರೂ ಈಗ ಸಾಕಷ್ಟು ಜನ ಇದ್ದಾರೆ. ಅಲ್ಲಿ ನೀರು ಬೆಚ್ಚಗಿರುತ್ತದೆ. ಮೈಗೆ ತೆಳ್ಳನೆಯ ಉಡುಪು ಸಾಕು. ಆದರೆ ಜಗತ್ತಿನ ಅನೇಕ ಅನುಭವಸ್ಥ ಮುಳುಗುಗಾರರು ಬೆಚ್ಚನೆಯ ನೀರನ್ನು ಬಿಟ್ಟು ಬೇಕೆಂದೇ ತಣ್ಣೀರಿನ ಕಡೆ ಹೋಗುತ್ತಾರೆ. ಅವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಹೆಸರು ‘ಗಾಡ್ಸ್ ಪಾಕೆಟ್’. ಕನ್ನಡದಲ್ಲಿ ಹೇಳುವುದಾದರೆ, ದೇವರ ಕಿಸೆ.

ರಸ್ತೆ ಮುಗಿದ ಮೇಲೆ

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕರಾವಳಿಗೆ ಒರಗಿಕೊಂಡಂತೆ ಸುಮಾರು 450 ಕಿಲೋಮೀಟರ್ ಉದ್ದದ ವ್ಯಾಂಕೂವರ್ ದ್ವೀಪವಿದೆ. ಅದರ ಉತ್ತರ ತುದಿಗೆ ಹತ್ತಿರದಲ್ಲಿರುವ ಕೊನೆಯ ದೊಡ್ಡ ಊರು ಪೋರ್ಟ್ ಹಾರ್ಡಿ. ಹೆದ್ದಾರಿ ಅಲ್ಲಿಗೆ ಮುಗಿಯುತ್ತದೆ. ಮುಂದಿನದೆಲ್ಲ ದೋಣಿಯ ದಾರಿ. ಗೋಲೆಟಾಸ್ ಎಂಬ ಕಡಲ ಕಾಲುವೆಯನ್ನು ದಾಟಿದರೆ ಕಾಡು ತುಂಬಿದ ಪುಟ್ಟ ದ್ವೀಪಗಳ ಗುಂಪು. ಅವುಗಳಲ್ಲೊಂದು ಹರ್ಸ್ಟ್ ದ್ವೀಪ. ಅದರ ಒಂದು ಮಗ್ಗುಲಲ್ಲಿ ಗಾಳಿ, ಅಲೆ ಎರಡಕ್ಕೂ ಸಿಗದಂತೆ ಒಳಗೆ ಸರಿದು ಕೂತಿರುವ ಕಿರುಕೊಲ್ಲಿಯೇ ಗಾಡ್ಸ್ ಪಾಕೆಟ್.

ಹೆಸರು ಕೊಟ್ಟವರು ಬೆಸ್ತರು. ಕ್ವೀನ್ ಷಾರ್ಲಟ್ ಜಲಸಂಧಿಯಲ್ಲಿ ಬಿರುಗಾಳಿ ಎದ್ದಾಗ ಓಡಿಬಂದು ದೋಣಿ ಕಟ್ಟುತ್ತಿದ್ದ ತಾಣವದು. ಮಗುವನ್ನು ಸೆರಗಿನಲ್ಲಿ ಬಚ್ಚಿಡುವ ಹಾಗೆ ದೇವರು ತಮ್ಮನ್ನು ಕಿಸೆಯಲ್ಲಿ ಇಟ್ಟುಕೊಳ್ಳುತ್ತಾನೆ ಎಂದು ಅವರು ಭಾವಿಸಿದ್ದರೆ ಅದರಲ್ಲಿ ಅತಿಶಯವೇನಿಲ್ಲ. ಈ ಜಲಸಂಧಿ ಬಲ್ಲವರನ್ನೂ ಬಿಟ್ಟಿದ್ದಲ್ಲ. 1792ರಲ್ಲಿ ಈ ಕರಾವಳಿಯ ನಕ್ಷೆ ಬರೆಯುತ್ತ ಬಂದ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರನ ಹಡಗು ‘ಡಿಸ್ಕವರಿ’ ಇಲ್ಲೇ ಬಂಡೆಗೆ ಸಿಕ್ಕಿಕೊಂಡು ಪಾರಾಗಿತ್ತು. ಅವನಿಗಿಂತ ಸಾವಿರಾರು ವರ್ಷ ಮೊದಲಿನಿಂದಲೂ ಈ ನೀರನ್ನು ನಂಬಿ ಬದುಕಿದವರು ಕ್ವಾಕ್ವಕವಕ್ವ ಮೂಲನಿವಾಸಿಗಳು.

ಈ ಕೊಲ್ಲಿಯಲ್ಲಿ ದಶಕಗಳಿಂದ ಮುಳುಗುಗಾರರನ್ನು ಉಳಿಸಿಕೊಳ್ಳುತ್ತ ಬಂದಿರುವ ಒಂದು ವಸತಿಗೃಹವಿದೆ. ರೆಸಾರ್ಟ್ ಎಂಬ ಹೆಸರು ಕೇಳಿ ಈಜುಕೊಳ, ಹುಲ್ಲುಹಾಸು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನೀರಂಚಿನಲ್ಲಿ ಮರದ ಕಟ್ಟಡಗಳು, ಬೆನ್ನಿಗೆ ದಟ್ಟ ಕಾಡು. ರಸ್ತೆಯಿಲ್ಲ, ಅಂಗಡಿಯಿಲ್ಲ. ಬೇಕಾದುದೆಲ್ಲ ದೋಣಿಯಲ್ಲೇ ಬರಬೇಕು. ಬೆರಳೆಣಿಕೆಯ ಅತಿಥಿಗಳು ಒಂದೇ ತಂಡವಾಗಿ ಬಂದು, ಒಂದೇ ಮೇಜಿನ ಸುತ್ತ ಉಂಡು, ಒಂದೇ ದೋಣಿ ಹತ್ತುತ್ತಾರೆ. ನಮ್ಮ ಮಲೆನಾಡಿನ ಒಂಟಿ ಮನೆಗೆ ಮಳೆಗಾಲದಲ್ಲಿ ನೆಂಟರು ಬಂದರೆ ಹೇಗಿರುತ್ತದೋ ಹಾಗೆ! ಮೂರು ದಿನ ಕಳೆಯುವಷ್ಟರಲ್ಲಿ ಯಾರ ಗೊರಕೆ ಎಷ್ಟು ಜೋರು, ಯಾರಿಗೆ ಎಷ್ಟು ಸಲ ಕಾಫಿ ಬೇಕು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಸುತ್ತಲಿನ ದ್ವೀಪ ಹಾಗೂ ನೀರನ್ನು ಪ್ರಾಂತ್ಯದ ಸರ್ಕಾರ 1995ರಲ್ಲಿ ಕಡಲ ಉದ್ಯಾನವನ್ನಾಗಿ ಘೋಷಿಸಿತು.

ತಣ್ಣೀರಿನ ಸಿರಿ

ಬೆಚ್ಚನೆಯ ಕಡಲು ಕಣ್ಣಿಗೆ ತಿಳಿಯಾಗಿ ಕಾಣುವುದಕ್ಕೆ ಕಾರಣ ಅದರಲ್ಲಿ ಆಹಾರ ಕಡಿಮೆ ಇರುವುದು. ತಣ್ಣೀರಿನ ಕತೆ ಬೇರೆ. ಶಾಂತಸಾಗರದ ಆಳದಿಂದ ಮೇಲೆದ್ದು ಬರುವ ತಣ್ಣನೆಯ ನೀರು ಲವಣ, ಪೋಷಕಾಂಶಗಳನ್ನು ಹೊತ್ತು ತರುತ್ತದೆ. ದ್ವೀಪಗಳ ನಡುವಿನ ಇಕ್ಕಟ್ಟಾದ ಸಂದಿಗಳಲ್ಲಿ ದಿನಕ್ಕೆರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ನುಗ್ಗಿ ಆ ನೀರನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತವೆ. ಅದರಲ್ಲಿ ಕಣ್ಣಿಗೆ ಕಾಣದ ಪ್ಲವಕ ಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಬಂಡೆಗೆ ಅಂಟಿ ಕುಳಿತ ಪ್ರಾಣಿಗಳಿಗೆ ಬಾಯಿ ತೆರೆದರೆ ಸಾಕು, ಊಟ ತಾನಾಗಿಯೇ ಬಂದು ಬೀಳುತ್ತದೆ!

ನೈಜೀ ಮತ್ತು ಬಾಲಕ್ಲಾವ ದ್ವೀಪಗಳ ನಡುವಿನ ಬ್ರೌನಿಂಗ್ ಜಲಮಾರ್ಗದಲ್ಲಿ ಇದರ ಪರಿಣಾಮವನ್ನು ನೋಡಬೇಕು. ‘ಬ್ರೌನಿಂಗ್ ಗೋಡೆ’ ಎಂದು ಮುಳುಗುಗಾರರು ಕರೆಯುವ ಕಡಿದಾದ ಬಂಡೆ ನೀರಿನ ಮೇಲ್ಮೈಯಿಂದ 60 ಮೀಟರಿಗೂ ಕೆಳಗೆ ನೇರವಾಗಿ ಇಳಿಯುತ್ತದೆ. ಅದರ ಮೇಲೆ ಅಂಗೈ ಊರಲು ಬರಿಯ ಕಲ್ಲಿನ ಜಾಗ ಸಿಗುವುದಿಲ್ಲ. ಕೆಂಪು ಮೆದುಹವಳ, ಹಳದಿ ಸ್ಪಂಜು, ಮುಷ್ಟಿಗಾತ್ರದ ಬಾರ್ನಕಲ್, ಹೂಕೋಸಿನಂತೆ ಅರಳಿದ ಬಿಳಿ ಅನಿಮೋನ್ – ಒಂದರ ಮೇಲೊಂದು, ಜಾತ್ರೆಯ ರಥಕ್ಕೆ ಹೂ ಕಟ್ಟಿದಂತೆ. ವಿಚಿತ್ರವೆಂದರೆ ದೀಪವಿಲ್ಲದೆ ಹೋದವರಿಗೆ ಇದರ ಅರ್ಧ ಚೆಲುವೂ ಕಾಣುವುದಿಲ್ಲ. ಆಳಕ್ಕೆ ಹೋದಂತೆ ನೀರು ಬೆಳಕಿನ ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ. ಮೊದಲು ಹೋಗುವುದೇ ಕೆಂಪು. ಬರಿಗಣ್ಣಿಗೆ ಕಂದು ಬೂದಿಯಂತೆ ಕಂಡದ್ದು, ಟಾರ್ಚ್ ಹಾಕಿದೊಡನೆ ಕುಂಕುಮದ ರಾಶಿಯಾಗುತ್ತದೆ.

ಇಲ್ಲಿನ ನಿವಾಸಿಗಳಲ್ಲಿ ಶಾಂತಸಾಗರದ ದೈತ್ಯ ಆಕ್ಟೋಪಸ್ ಮುಖ್ಯವಾದುದು. ತೋಳು ಚಾಚಿದರೆ ನಾಲ್ಕು ಮೀಟರಿಗೂ ಅಗಲ. ಮೂರು ಹೃದಯ, ನೀಲಿ ರಕ್ತ. ಇಷ್ಟಾಗಿಯೂ ಆಯುಸ್ಸು ಮೂರರಿಂದ ಐದು ವರ್ಷ ಮಾತ್ರ. ಹೆಣ್ಣು ಗುಹೆಯ ಸೂರಿಗೆ ಮೊಟ್ಟೆಗಳನ್ನು ತೂಗುಹಾಕಿ, ತಿಂಗಳುಗಟ್ಟಲೆ ಅನ್ನಾಹಾರ ಬಿಟ್ಟು ಕಾಯುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ತಾನು ಸಾಯುತ್ತದೆ. ಅದರ ನೆರೆಮನೆಯಲ್ಲಿ ತೋಳಹಾವುಮೀನು – ಹೆಸರು ಹಾಗಿದ್ದರೂ ಅದು ಹಾವುಮೀನಿನ ಜಾತಿಯದಲ್ಲ. ಎರಡು ಮೀಟರ್ ಮೀರಿ ಬೆಳೆಯುವ ಇದರ ಮುಖ ನೋಡಿದರೆ ಮಕ್ಕಳು ಅತ್ತಾವು. ಆದರೆ ಗಂಡು-ಹೆಣ್ಣು ಒಂದೇ ಬಿಲದಲ್ಲಿ ವರ್ಷಾನುಗಟ್ಟಲೆ ಜೊತೆಯಾಗಿ ಸಂಸಾರ ಮಾಡುವ ಸಾಧು ಪ್ರಾಣಿ. ಇನ್ನೊಂದು ಪಾರದರ್ಶಕ ಕಡಲ ಗೊಂಡೆಹುಳುವಿದೆ. ಅದನ್ನು ನೀರಿನಿಂದ ಎತ್ತಿದರೆ ಕಲ್ಲಂಗಡಿ ಹಣ್ಣಿನ ವಾಸನೆ!

ಒದ್ದೆಯಾಗದ ಉಡುಪು

ಈ ವೈಭವಕ್ಕೆಲ್ಲ ತೆರಬೇಕಾದ ಬೆಲೆ ಚಳಿ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಕಸಿದುಕೊಳ್ಳುತ್ತದೆ. ಎಂಟು ಡಿಗ್ರಿ ಗಾಳಿಯಲ್ಲಿ ಕಂಬಳಿ ಹೊದ್ದು ಬೀಡಿ ಸೇದುತ್ತ ಕೂರಬಹುದು. ಎಂಟು ಡಿಗ್ರಿ ನೀರಿನಲ್ಲಿ ಸರಿಯಾದ ರಕ್ಷಣೆಯಿಲ್ಲದ ಮನುಷ್ಯನ ಬೆರಳುಗಳು ಕೆಲವೇ ನಿಮಿಷಗಳಲ್ಲಿ ಮಾತು ಕೇಳುವುದನ್ನು ನಿಲ್ಲಿಸುತ್ತವೆ.

ಆದ್ದರಿಂದಲೇ ಇಲ್ಲಿಗೆ ಬರುವವರು ‘ಡ್ರೈ ಸೂಟ್’ ತೊಡುತ್ತಾರೆ. ಕುತ್ತಿಗೆ ಮತ್ತು ಮಣಿಕಟ್ಟುಗಳಲ್ಲಿ ಬಿಗಿಯಾದ ರಬ್ಬರ್ ಪಟ್ಟಿ, ಎದೆಯ ಮೇಲೆ ಜಲನಿರೋಧಕ ಜಿಪ್ಪು. ಒಳಗೆ ಉಣ್ಣೆಯಂಥ ದಪ್ಪ ಬಟ್ಟೆ. ಚಳಿಯನ್ನು ತಡೆಯುವುದು ಆ ಬಟ್ಟೆಯ ನಡುವೆ ಸಿಕ್ಕ ಗಾಳಿ. ಆದರೆ ಅದೇ ಗಾಳಿ ತಲೆನೋವೂ ಹೌದು. ಆಳಕ್ಕೆ ಇಳಿದಂತೆ ಒತ್ತಡಕ್ಕೆ ಸಿಕ್ಕಿ ಅದು ಕುಗ್ಗುತ್ತದೆ, ಉಡುಪು ಮೈಯನ್ನು ಹಿಂಡುತ್ತದೆ. ಆಗ ಸಿಲಿಂಡರಿನಿಂದ ಸ್ವಲ್ಪ ಗಾಳಿ ತುಂಬಿಕೊಳ್ಳಬೇಕು. ಮೇಲೇರುವಾಗ ಅದೇ ಗಾಳಿ ಹಿಗ್ಗುತ್ತದೆ. ಹೊರಬಿಡದಿದ್ದರೆ ಮನುಷ್ಯ ಬಲೂನಿನಂತೆ ಮೇಲಕ್ಕೆ ಹಾರುತ್ತಾನೆ. ಇಷ್ಟೆಲ್ಲ ಗಾಳಿ ಕಟ್ಟಿಕೊಂಡವನು ತೇಲದೆ ಮುಳುಗಬೇಕಲ್ಲ, ಅದಕ್ಕಾಗಿ ಸೊಂಟಕ್ಕೆ ಸೀಸದ ಬಿಲ್ಲೆಗಳು. ಎಲ್ಲ ಸೇರಿ ದೋಣಿಯ ಮೇಲೆ ಒಬ್ಬೊಬ್ಬರೂ ಹೊರುವ ಭಾರ 40 ಕಿಲೋ ಮೀರುವುದುಂಟು.

ಯಂತ್ರಕ್ಕೂ ಚಳಿಯಾಗುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಉಸಿರಾಟದ ಸಾಧನವೇ ಇಂದಿನ ರೆಗ್ಯುಲೇಟರುಗಳಿಗೆಲ್ಲ ಮೂಲ. ಸಿಲಿಂಡರಿನಲ್ಲಿ ಅದುಮಿಟ್ಟ ಗಾಳಿ ಅದರ ಮೂಲಕ ಒಮ್ಮೆಲೇ ಹಿಗ್ಗುವಾಗ ಗಕ್ಕನೆ ತಣ್ಣಗಾಗುತ್ತದೆ. ಸುತ್ತಲಿನ ನೀರೂ ತಣ್ಣಗಿದ್ದರೆ ಒಳಗಿನ ತೇವ ಮಂಜುಗಟ್ಟಿ ಕವಾಟ ತೆರೆದೇ ಉಳಿಯಬಹುದು. ಆಗ ಗಾಳಿ ಭೋರೆಂದು ಸುರಿದು ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಬರಿದು. ತಣ್ಣೀರಿಗೆಂದೇ ಮಾಡಿದ ರೆಗ್ಯುಲೇಟರುಗಳು ಬಂದಿರುವುದರಿಂದ ಈ ಅಪಾಯ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಕಡಲಿನ ಮುಹೂರ್ತ

ಗಾಡ್ಸ್ ಪಾಕೆಟ್ಟಿನಲ್ಲಿ ದಿನದ ವೇಳಾಪಟ್ಟಿ ಬರೆಯುವುದು ಮನುಷ್ಯರಲ್ಲ, ಚಂದ್ರ. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ನೀರು ಅರೆಕ್ಷಣ ಉಸಿರು ಬಿಗಿಹಿಡಿದಂತೆ ನಿಲ್ಲುತ್ತದೆ. ಈ ನಿಂತ ನೀರಿನ ವೇಳೆಯೇ ಮುಳುಗುವ ಮುಹೂರ್ತ. ಅದು ಬೆಳಿಗ್ಗೆ ಆರಕ್ಕೆ ಬಂದರೆ ಆರಕ್ಕೇ ದೋಣಿ ಹೊರಡಬೇಕು. ತಿಂಡಿ ಆಮೇಲೆ! ನಕ್ಷೆ, ಕೋಷ್ಟಕ ಎಲ್ಲ ಇದ್ದರೂ ದೋಣಿ ನಡೆಸುವವರು ಕೊನೆಗೆ ನಂಬುವುದು ‘ಕೆಲ್ಪ್’ ಎಂಬ ದೈತ್ಯ ಕಡಲಪಾಚಿಯನ್ನು. ಒಂದೇ ಋತುವಿನಲ್ಲಿ 20 ಮೀಟರಿಗೂ ಉದ್ದ ಬೆಳೆಯುವ ಈ ಪಾಚಿಯ ಬುಂಡೆಗಳು ಪ್ರವಾಹದಲ್ಲಿ ಮಲಗಿರುತ್ತವೆ. ಸೆಳೆತ ಹೆಚ್ಚಿದರೆ ನೀರಿನೊಳಗೇ ಮುಳುಗುತ್ತವೆ. ಅವು ಎದ್ದು ನೆಟ್ಟಗೆ ನಿಂತವೆಂದರೆ ಮುಹೂರ್ತ ಬಂತು.

ಮುಹೂರ್ತ ತಪ್ಪಿದರೆ ಏನಾದೀತು ಎಂದು ತಿಳಿಯಬೇಕಾದರೆ ಅಲ್ಲಿಂದ ಮುಂದೆ ಒಳನಾಡಿನ ಕಡೆಗಿರುವ ನಕ್ವಾಕ್ಟೋ ಸೆಳವನ್ನು ನೋಡಬೇಕು. ಜಗತ್ತಿನ ಅತಿ ವೇಗದ ಉಬ್ಬರವಿಳಿತದ ಪ್ರವಾಹಗಳಲ್ಲಿ ಅದೊಂದು. ಅದರ ವೇಗ 14 ನಾಟ್ ಮೀರುತ್ತದೆ, ಅಂದರೆ ಗಂಟೆಗೆ ಸುಮಾರು 26 ಕಿಲೋಮೀಟರ್. ನಡುವೆ ನಿಂತ ಪುಟ್ಟ ಬಂಡೆದ್ವೀಪಕ್ಕೆ ‘ನಡುಗುವ ದ್ವೀಪ’ ಎಂದೇ ಅಡ್ಡಹೆಸರು. ನೀರಿನ ಹೊಡೆತಕ್ಕೆ ಅದು ನಡುಗುತ್ತದಂತೆ. ಹಾದುಹೋದ ದೋಣಿಯವರು ತಮ್ಮ ದೋಣಿಯ ಹೆಸರು ಬರೆದ ಹಲಗೆಗಳನ್ನು ಅಲ್ಲಿನ ಮರಗಳಿಗೆ ಮೊಳೆ ಹೊಡೆದು ಹೋಗಿದ್ದಾರೆ. ನಿಂತ ನೀರಿನ ಕೆಲವೇ ನಿಮಿಷಗಳಲ್ಲಿ ಅಲ್ಲೂ ಮುಳುಗಿ ಬರುವವರಿದ್ದಾರೆ. ಕೆಂಪು ತುಟಿಯ ಬಾರ್ನಕಲ್‌ಗಳನ್ನು ನೋಡಲೆಂದು.

ಈ ‘ಬಡ್ಡಿ’ ಸಾಲದ್ದಲ್ಲ

ಮುಳುಗುಗಾರರು ಯಾವಾಗಲೂ ಇಬ್ಬಿಬ್ಬರು ಜೋಡಿಯಾಗಿ ಇಳಿಯುತ್ತಾರೆ. ಜೊತೆಗಾರನಿಗೆ ಇಂಗ್ಲಿಷಿನಲ್ಲಿ ‘ಬಡ್ಡಿ’ ಎನ್ನುತ್ತಾರೆ. ಕನ್ನಡಿಗರಿಗೆ ಸಾಲದ ನೆನಪಾದರೆ ತಪ್ಪಿಲ್ಲ. ಏಕೆಂದರೆ ಇದೂ ಒಂದು ಬಗೆಯ ಋಣವೇ. ನಿನ್ನ ಗಾಳಿ ಮುಗಿದರೆ ನನ್ನದನ್ನು ಕೊಡುತ್ತೇನೆ, ನನ್ನದು ಮುಗಿದರೆ ನೀನು ಕೊಡಬೇಕು ಎಂಬುದು ಈ ಒಪ್ಪಂದ. ನೀರಿಗೆ ಇಳಿಯುವ ಮೊದಲು ಒಬ್ಬರ ಉಪಕರಣವನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ಗಾಳಿ ಎಷ್ಟಿದೆ? ಕವಾಟ ಪೂರ್ತಿ ತೆರೆದಿದೆಯೇ? ಸೀಸದ ಪಟ್ಟಿ ಬಿಚ್ಚುವುದು ಎಲ್ಲಿ? ನೂರು ಸಲ ಮುಳುಗಿದವರೂ ಈ ಪ್ರಶ್ನೆಗಳನ್ನು ಕೇಳಿಯೇ ತೀರುತ್ತಾರೆ.

ಲೆಕ್ಕ ಸರಳವಾಗಿದೆ, ಆದರೆ ನಿಷ್ಠುರವಾಗಿದೆ. ಪ್ರತಿ ಹತ್ತು ಮೀಟರ್ ಇಳಿದಂತೆ ವಾಯುಮಂಡಲದ ಒಂದು ಪಟ್ಟು ಒತ್ತಡ ಸೇರಿಕೊಳ್ಳುತ್ತದೆ. 20 ಮೀಟರ್ ಆಳದಲ್ಲಿ ಒಂದು ಉಸಿರಿಗೆ ಮೇಲಿನ ಮೂರು ಉಸಿರಿನಷ್ಟು ಗಾಳಿ ಖರ್ಚು. ಚಳಿಗೆ ಉಸಿರು ಜೋರಾದರೆ ಇನ್ನೂ ಬೇಗ. ಒತ್ತಡದಲ್ಲಿ ಸಾರಜನಕ ರಕ್ತದಲ್ಲಿ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳಾಗಿ ಕೀಲು, ನರಗಳನ್ನು ಹಿಡಿಯುತ್ತದೆ. ಬ್ರಿಟನ್ನಿನ ವಿಜ್ಞಾನಿ ಜೆ.ಎಸ್. ಹಾಲ್ಡೇನ್ ಮತ್ತು ಸಂಗಡಿಗರು ಮೇಕೆಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದರು. ಇಂದು ಮಣಿಕಟ್ಟಿನ ಕಂಪ್ಯೂಟರ್ ಆ ಲೆಕ್ಕ ಮಾಡುತ್ತದೆ. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರುವುದು ವಾಡಿಕೆ. ಚಳಿಯಲ್ಲಿ ಆ ಮೂರು ನಿಮಿಷ ಮೂರು ತಾಸಿನಂತೆ!

ಇಷ್ಟೆಲ್ಲ ಎಚ್ಚರ ಏಕೆಂದರೆ ಸಹಾಯ ದೂರವಿದೆ. ಗುಳ್ಳೆರೋಗಕ್ಕೆ ಮದ್ದು ಒತ್ತಡದ ಕೋಣೆಯಲ್ಲಿ ಆಮ್ಲಜನಕದ ಚಿಕಿತ್ಸೆ. ಅಂಥ ಕೋಣೆಯಿರುವ ವ್ಯಾಂಕೂವರ್ ನಗರದ ಆಸ್ಪತ್ರೆ ಇಲ್ಲಿಂದ 300 ಕಿಲೋಮೀಟರಿಗೂ ದೂರ, ಮಧ್ಯೆ ಕಡಲು. ಹವೆ ಕೆಟ್ಟಿದ್ದರೆ ಹೆಲಿಕಾಪ್ಟರೂ ಬರಲಾರದು.

‘ಇವತ್ತು ನಾನಿಲ್ಲ’

ಹಾಗಾದರೆ ಇಲ್ಲಿಗೆ ಬರುವವರು ಬಹಳ ಧೈರ್ಯವಂತರಾಗಿರಬೇಕು ಎನ್ನಿಸುತ್ತದೆಯೇ? ಧೈರ್ಯಕ್ಕಿಂತ ದೊಡ್ಡ ಗುಣವೊಂದು ಇಲ್ಲಿ ಬೇಕು. ಅದು ಬೇಡ ಎನ್ನುವ ಗುಣ.

ಮುಳುಗುಗಾರರಲ್ಲಿ ಒಂದು ಹಳೆಯ ಕಟ್ಟಳೆಯಿದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ಮುಳುಗುವುದನ್ನು ನಿಲ್ಲಿಸಬಹುದು; ಕಾರಣ ಕೇಳುವಂತಿಲ್ಲ, ಗೇಲಿ ಮಾಡುವಂತಿಲ್ಲ. ಹೇಳಲು ಸುಲಭ. ಆದರೆ ವರ್ಷವಿಡೀ ಹಣ ಕೂಡಿಟ್ಟು ಬಂದಿರುವಾಗ, ಎಂಟು ಹತ್ತು ಮಂದಿ ಉಡುಪು ತೊಟ್ಟು ದೋಣಿಯ ಅಂಚಿನಲ್ಲಿ ಕುಳಿತಿರುವಾಗ, ನಿಂತ ನೀರಿನ ನಿಮಿಷಗಳು ಸರಿಯುತ್ತಿರುವಾಗ, ಯಾಕೋ ಎದೆ ಭಾರ, ಇವತ್ತು ನಾನಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಯೋಚಿಸಿ. ತನ್ನಿಂದ ಜೊತೆಗಾರನಿಗೂ ತಪ್ಪಿಹೋಯಿತಲ್ಲ ಎಂಬ ಸಂಕೋಚ. ನಾಳೆ ಊಟದ ಮೇಜಿನಲ್ಲಿ ಎಲ್ಲರೂ ಆಕ್ಟೋಪಸ್ಸಿನ ಮಾತಾಡುವಾಗ ತಾನು ಸುಮ್ಮನೆ ಕೂರಬೇಕಲ್ಲ ಎಂಬ ನಾಚಿಕೆ. ತಂಡದ ಜೊತೆಗೆ ಬಂದದ್ದರಿಂದ ಸಿಗುವ ಧೈರ್ಯವೇ ತಂಡದ ಮುಂದೆ ಬಾಯಿ ಕಟ್ಟುವ ಭಯವೂ ಆಗುತ್ತದೆ.

ಆದ್ದರಿಂದ ಒಳ್ಳೆಯ ತಂಡವನ್ನು ಗುರುತಿಸುವುದು ಎಷ್ಟು ಆಳಕ್ಕೆ ಹೋಯಿತು ಎಂಬುದರಿಂದ ಅಲ್ಲ. ಮೊದಲು ಬೇಡ ಎಂದವರಿಗೆ ಬಿಸಿ ಸಾರಿನ ಬಟ್ಟಲು ಕೊಟ್ಟು, ಹಾಗಾದರೆ ನೀವು ಗುಳ್ಳೆ ನೋಡಿಕೊಂಡಿರಿ ಎಂದು ಸಹಜವಾಗಿ ಹೇಳುವುದರಿಂದ. ಅನುಭವಸ್ಥರೇ ಮೊದಲ ದಿನ ಒಮ್ಮೆ ಬೇಡ ಎಂದರೆ ಹೊಸಬರಿಗೆ ದಾರಿ ಸಲೀಸಾಗುತ್ತದೆ. ಹಳೆಯ ಬೆಸ್ತರಿಗೆ ಆ ಕೊಲ್ಲಿ ಆಸರೆಯಾದದ್ದು ಅವರು ಸರಿಯಾದ ಹೊತ್ತಿಗೆ ದೋಣಿ ತಿರುಗಿಸಿದ್ದರಿಂದ. ದೇವರಿಗೆ ಕಿಸೆ ಇದ್ದರೆ ಸಾಲದು, ಅದರೊಳಗೆ ಹೋಗುವ ಬುದ್ಧಿ ನಮಗಿರಬೇಕು.

ಕಾಣೆಯಾದ ಸೂರ್ಯಕಾಂತಿ

ವರ್ಷ ವರ್ಷ ಅದೇ ಗೋಡೆಗೆ ಬರುವ ಮುಳುಗುಗಾರರು ಇನ್ನೊಂದು ಕೆಲಸವನ್ನೂ ಮಾಡುತ್ತಾರೆ, ಸಾಕ್ಷಿ ಹೇಳುವ ಕೆಲಸ. 24 ತೋಳುಗಳವರೆಗೆ ಬೆಳೆಯುವ, ಒಂದು ಮೀಟರ್ ಅಗಲದ ಸೂರ್ಯಕಾಂತಿ ನಕ್ಷತ್ರಮೀನು ಈ ಕಡಲಿನ ಸಾಮಾನ್ಯ ಪ್ರಾಣಿಯಾಗಿತ್ತು. 2013ರಿಂದ ಮೆಕ್ಸಿಕೋದಿಂದ ಅಲಾಸ್ಕದವರೆಗೆ ನಕ್ಷತ್ರಮೀನುಗಳು ಕರಗಿ ಲೋಳೆಯಾಗಿ ಸಾಯತೊಡಗಿದವು. ಸೂರ್ಯಕಾಂತಿ ನಕ್ಷತ್ರದಲ್ಲಿ ಶೇಕಡ 90ಕ್ಕೂ ಹೆಚ್ಚು ನಾಶವಾಯಿತು. 2020ರಲ್ಲಿ ಅದನ್ನು ವಿನಾಶದ ಅಂಚಿನ ಪಟ್ಟಿಗೆ ಸೇರಿಸಲಾಯಿತು. ರೋಗಕ್ಕೆ ವಿಬ್ರಿಯೊ ಪೆಕ್ಟೆನಿಸಿಡ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ವಿಜ್ಞಾನಿಗಳು ಪ್ರಕಟಿಸಿದ್ದು 2025ರಲ್ಲಿ.

ಒಂದು ನಕ್ಷತ್ರಮೀನು ಹೋದರೆ ಏನಂತೆ? ಅದು ತಿನ್ನುತ್ತಿದ್ದ ಮುಳ್ಳುಚೆಂಡುಗಳು, ಅಂದರೆ ಸೀ ಅರ್ಚಿನ್‌ಗಳು, ಹೆಚ್ಚಿದವು. ಅವು ಕೆಲ್ಪ್ ಕಾಡನ್ನು ಬುಡದಿಂದ ಮೇಯುತ್ತವೆ. ಕಾಡಿಲ್ಲದಿದ್ದರೆ ಮೀನಿನ ಮರಿಗಳಿಗೆ ಮನೆಯಿಲ್ಲ. ಮುಳ್ಳುಚೆಂಡಿನ ಇನ್ನೊಬ್ಬ ಶತ್ರು ಕಡಲ ನೀರುನಾಯಿ. ತುಪ್ಪಳದ ಆಸೆಗೆ ಬೇಟೆಯಾಡಿ ಬ್ರಿಟಿಷ್ ಕೊಲಂಬಿಯಾದ ಕೊನೆಯ ನೀರುನಾಯಿಯನ್ನು 1929ರಲ್ಲಿ ಕೊಲ್ಲಲಾಗಿತ್ತು. 1969ರಿಂದ 1972ರ ನಡುವೆ ಅಲಾಸ್ಕದಿಂದ 89 ನೀರುನಾಯಿಗಳನ್ನು ತಂದು ದ್ವೀಪದ ಪಶ್ಚಿಮ ತೀರದಲ್ಲಿ ಬಿಟ್ಟರು. ಅವುಗಳ ಸಂತತಿ ಬೆಳೆದು ಹರಡಿದೆ. ಅವು ನೆಲೆಸಿದ ಕಡೆ ಮುಳ್ಳುಚೆಂಡು ಕಡಿಮೆಯಾಗಿ ಕೆಲ್ಪ್ ಮತ್ತೆ ಚಿಗುರಿದೆ. ತಿಮಿಂಗಿಲದ ಕತೆಯೂ ಇಂಥದೇ. ಪ್ರಾಂತ್ಯದ ಕೊನೆಯ ತಿಮಿಂಗಿಲ ಬೇಟೆಯ ಕೇಂದ್ರ ಪೋರ್ಟ್ ಹಾರ್ಡಿಗೆ ಹತ್ತಿರದ ಕೋಲ್ ಹಾರ್ಬರ್‌ನಲ್ಲಿತ್ತು. 1967ರಲ್ಲಿ ಅದು ಮುಚ್ಚಿತು. ಇಂದು ಅದೇ ಕಡಲಿನಲ್ಲಿ ಗೂನುಬೆನ್ನಿನ ತಿಮಿಂಗಿಲಗಳು ಮತ್ತೆ ಕಾಣಿಸಿಕೊಳ್ಳುತ್ತಿವೆ.

ಸೂರ್ಯಕಾಂತಿ ನಕ್ಷತ್ರವೂ ಪೂರ್ತಿ ಅಳಿದಿಲ್ಲ. ಬ್ರಿಟಿಷ್ ಕೊಲಂಬಿಯಾದ ನಡುಕರಾವಳಿಯಲ್ಲಿ ಕಡಲು ಒಳನುಗ್ಗಿದ ಆಳವಾದ ಕಣಿವೆಗಳಲ್ಲಿ ಕೆಲವು ಗುಂಪುಗಳು ಉಳಿದುಕೊಂಡಿವೆ. ಅಲ್ಲಿ ಅವನ್ನು ಕಾಪಾಡಿದ್ದು ಏನು ಗೊತ್ತೇ? ನೀರಿನ ತಣ್ಪು ಎನ್ನುತ್ತಾರೆ ಸಂಶೋಧಕರು. ಮನುಷ್ಯನ ಬೆರಳನ್ನು ಮರಗಟ್ಟಿಸುವ ಅದೇ ಚಳಿ ಆ ಜೀವಕ್ಕೆ ಆಸರೆಯಾಗಿದೆ. ಕಡಲು ಬಿಸಿಯಾಗುತ್ತಿರುವ ಈ ಕಾಲದಲ್ಲಿ ನೀರು ತಣ್ಣಗಿರುವುದೇ ಒಂದು ಐಶ್ವರ್ಯ. ದೇವರ ಕಿಸೆಗೆ ಹೋಗುವವರು ಚಳಿಯನ್ನು ದೂರುವುದಿಲ್ಲ. ನೀರು ಇನ್ನೂ ಅಷ್ಟೇ ತಣ್ಣಗಿದೆಯೇ ಎಂದು ಮಣಿಕಟ್ಟಿನ ಯಂತ್ರವನ್ನು ನೋಡಿ, ಇದ್ದರೆ ಸಮಾಧಾನಪಡುತ್ತಾರೆ.